ವೇಗಕ್ಕೂ ಪರಿಮಾಣವಿರಲಿ

ವಿದ್ಯುತ್ ಕಾರು ಕನ್ನಡ ನಾಡಿಗೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನ ಪುಟ್ಟ ರೇವಾ ರಸ್ತೆಗಿಳಿಯಿತು. ನಗರದೊಳಗಿನ ಮಿತಸಂಚಾರವೇ ಅದರ ಗುರಿಯಾಗಿದ್ದಿತು. 2010ರಲ್ಲಿ ಅದು ಮಹೀಂದ್ರ ಸಮೂಹವನ್ನು ಸೇರಿತು. ಅದೇ ಸಮೂಹ 2019ರಲ್ಲಿ ಅನಾವರಣಗೊಳಿಸಿದ ಪಿನಿನ್‌ಫರೀನಾ ಬತ್ತಿಸ್ತಾ ಎಂಬ ಕಾರು ಗಂಟೆಗೆ 100 ಕಿ.ಮೀ. ವೇಗವನ್ನು 2 ಸೆಕೆಂಡಿನೊಳಗೆ ಮುಟ್ಟುತ್ತದೆ. ಹೊಗೆಯಿಲ್ಲವೆಂದ ಮಾತ್ರಕ್ಕೆ ಹಿಂಸೆಯಿಲ್ಲವೆಂದು ಶ್ರಾವಕನು ಭಾವಿಸಬಹುದೆ?

ಹೊಗೆಯಿಲ್ಲದಿರುವುದು ಗುಣವೇ ಸರಿ. ಆದರೆ ವಿದ್ಯುತ್ತಿಗೂ ಬೆಲೆಯುಂಟು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಸಾಗರ, ಹೊಸನಗರ ಸೀಮೆಯ ಮನೆ, ಗದ್ದೆ, ಕಾಡುಗಳು ಮುಳುಗಿದುದನ್ನು ಹಿರಿಯರು ಬಲ್ಲರು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ತಿರುಗುವುದನ್ನೂ ತಿರುಗಿಸುವುದನ್ನೂ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಅದನ್ನು ಬಿಡುವುದು ಅನರ್ಥದಂಡವ್ರತದ ಅಂಗ. ಆದುದರಿಂದ ವಾಹನ ಯಾವುದೆಂಬುದಕ್ಕಿಂತ ಪ್ರಯಾಣ ಏಕೆಂಬುದೇ ಮೊದಲ ಪ್ರಶ್ನೆ. ಮುನಿಗಳು ಮಳೆಗಾಲದಲ್ಲಿ ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವುದು ನೆಲದ ಜೀವಿಗಳ ರಕ್ಷಣೆಗಾಗಿ. ಆ ತಿಂಗಳುಗಳಲ್ಲಿ ತೀರ್ಥಹಳ್ಳಿಯ ದಾರಿಗಳಲ್ಲಿ ಕಪ್ಪೆ, ಹುಳುಗಳು ಹರಿದಾಡುತ್ತಿರುತ್ತವೆ. ವೇಗದಲ್ಲಿ ಮೈಮರೆತವನ ಕಣ್ಣಿಗೆ ಅವು ಬೀಳವು.

ಹೊಂಬುಜದ ದರ್ಶನಕ್ಕೆ ಹೋಗುವವರು ಹೋಗಲಿ. ರೋಗಿಯನ್ನು ಆಸ್ಪತ್ರೆಗೆ ಒಯ್ಯುವವರು ತ್ವರೆ ಮಾಡಲಿ. ಆದರೆ ಚಾತುರ್ಮಾಸದ ಅಷ್ಟಮಿ, ಚತುರ್ದಶಿಗಳಂದು ಉಪವಾಸ ಹಿಡಿಯುವ ಮನೆಯವರು ವಿನೋದಕ್ಕಾಗಿ ವಾಹನವೇರುವುದನ್ನೂ ಅಂದು ತ್ಯಜಿಸಲಿ. ಆಹಾರತ್ಯಾಗದೊಡನೆ ಸಂಚಾರಕ್ಕೂ ಮಿತಿಯನ್ನು ಕಟ್ಟಿಕೊಂಡರೆ ವ್ರತವು ಪುಷ್ಟವಾಗುವುದು.