ಧರ್ಮದ ದಟ್ಟಿಗೆ ಮೊಳ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಕೇಳಿದವರೆಲ್ಲ ನಗುವುದು ಮೊಳ ಹಾಕಿದವನನ್ನು ನೋಡಿ; ಕೊಟ್ಟವನ ಕಡೆಗೆ ಯಾರೂ ತಿರುಗುವುದಿಲ್ಲ. ಬಿಟ್ಟಿ ಬಂದದ್ದರಲ್ಲಿ ಕೊರತೆ ಹುಡುಕುವುದು ಸಣ್ಣತನವೆಂಬುದು ವಾದವೇ ಬೇಡದ ಮಾತೆಂದು ನಾವು ಒಪ್ಪಿಕೊಂಡಿದ್ದೇವೆ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಸಂಶಯವೊಂದು ಏಳುತ್ತದೆ. ದಟ್ಟಿಯನ್ನು ಉಡಬೇಕಾದವನು ಅವನೇ ಅಲ್ಲವೆ? ಅದು ಸೊಂಟವನ್ನು ಸುತ್ತುತ್ತದೆಯೋ ಇಲ್ಲವೋ ಎಂದು ಅಳೆಯದೆ ಉಡುವುದು ಹೇಗೆ? ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಮೌನ ಎಂಬ ಈ ಹಂಚಿಕೆ ನ್ಯಾಯವೆ?

ಪ್ರಶ್ನೆ ಹಳೆಯದು. ಆದರೆ ನಮ್ಮ ಕಾಲದಲ್ಲಿ ಅದು ಯಾರೂ ನಿರೀಕ್ಷಿಸದ ಕಡೆ ತಲೆಯೆತ್ತಿದೆ. ಕಂಪ್ಯೂಟರಿನ ಮೇಲೆ ಆಡುವ ಆಟಗಳನ್ನು ಹವ್ಯಾಸಕ್ಕಾಗಿ ಕಟ್ಟಿ, ಬೆಲೆ ಕೇಳದೆ ಲೋಕಕ್ಕೆ ಕೊಡುವ ಜನರಿದ್ದಾರೆ. ಆಟವೆಂದರೆ ಮಕ್ಕಳ ವಿಷಯವೆಂದು ಓದುಗರು ಪುಟ ತಿರುಗಿಸಬಾರದು. ಕೊಡುವವನ ಧರ್ಮ ಯಾವುದು, ಪಡೆಯುವವನ ಧರ್ಮ ಯಾವುದು ಎಂಬುದು ಈ ಆಟಗಳ ಸುತ್ತ ತೋರುವಷ್ಟು ಸ್ಪಷ್ಟವಾಗಿ ದೊಡ್ಡ ದಾನಗಳಲ್ಲಿಯೂ ತೋರುವುದಿಲ್ಲ.

ಅಮೆರಿಕದ ಝ್ಯಾಕ್ ಆಡಮ್ಸ್ ಮತ್ತು ಟಾರ್ನ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2002ರಲ್ಲಿ ಅಂಥ ಒಂದು ಆಟವನ್ನು ಕಟ್ಟತೊಡಗಿದರು. ಅದರ ಹೆಸರು ‘ಡ್ವಾರ್ಫ್ ಫೋರ್ಟ್ರೆಸ್’. ಕುಬ್ಜರ ಕೋಟೆ ಎನ್ನೋಣ. 2006ರ ಆಗಸ್ಟಿನಲ್ಲಿ ಅದು ಮೊದಲು ಹೊರಬಂತು. ತಮ್ಮ ಟಾರ್ನ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು; ವಿಶ್ವವಿದ್ಯಾನಿಲಯದ ಕೆಲಸ ಬಿಟ್ಟು ಇದಕ್ಕೇ ಕುಳಿತರು. ಆಟಕ್ಕೆ ಬೆಲೆಯಿರಲಿಲ್ಲ. ಮನಸ್ಸಿದ್ದವರು ಕಾಣಿಕೆ ಕಳುಹಿಸಬಹುದಿತ್ತು. ಕಳುಹಿಸಿದವರಿಗೆ ಪ್ರತಿಯಾಗಿ ಒಂದು ಪುಟ್ಟ ಕಥೆಯೋ, ಬಣ್ಣದ ಬಳಪದಲ್ಲಿ ಬರೆದ ಚಿತ್ರವೋ ಬರುತ್ತಿತ್ತು.

ಈ ಆಟದಲ್ಲಿ ಯಂತ್ರ ಮೊದಲು ಒಂದು ಪ್ರಪಂಚವನ್ನೇ ಸೃಷ್ಟಿಸುತ್ತದೆ: ಬೆಟ್ಟ, ಹೊಳೆ, ರಾಜರು, ಯುದ್ಧಗಳು, ನೂರಾರು ವರ್ಷಗಳ ಇತಿಹಾಸ. ಬಳಿಕ ಏಳು ಕುಬ್ಜರನ್ನು ಆಟಗಾರನ ವಶಕ್ಕೆ ಕೊಟ್ಟು ಕೋಟೆ ಕಟ್ಟು ಎನ್ನುತ್ತದೆ. ಗೆಲುವೆಂಬುದು ಇಲ್ಲಿಲ್ಲ, ಕೋಟೆ ಇಂದಲ್ಲ ನಾಳೆ ಬೀಳಬೇಕಾದದ್ದೇ. ಸೋಲುವುದರಲ್ಲೇ ಸೊಗಸಿದೆ ಎಂಬುದು ಈ ಆಟದವರ ಘೋಷಣೆ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ತನ್ನ ಸಂಗ್ರಹಕ್ಕೆ ಮೊದಲು ಆರಿಸಿದ ಹದಿನಾಲ್ಕು ಕಂಪ್ಯೂಟರ್ ಆಟಗಳಲ್ಲಿ ಇದೂ ಒಂದು.

ಇಷ್ಟು ದೊಡ್ಡ ಕಾಣಿಕೆಗೂ ಮೊಳ ಹಾಕಿದವರು ಬಹಳ ಮಂದಿ. ಅವರ ದೂರುಗಳು ಸುಳ್ಳೇನೂ ಆಗಿರಲಿಲ್ಲ. ಪರದೆಯ ಮೇಲೆ ಚಿತ್ರಗಳಿಲ್ಲ, ಅಕ್ಷರ ಮತ್ತು ಚಿಹ್ನೆಗಳು ಮಾತ್ರ. ಕುಬ್ಜನೆಂದರೆ ಒಂದು ನಗುಮುಖದ ಗುರುತು, ಬೆಕ್ಕೆಂದರೆ ಒಂದು ಅಕ್ಷರ. ಒಂದು ಅಪ್ಪಣೆಗೆ ಒಂದು ಕೀಲಿ, ಅದರಂಥದೇ ಇನ್ನೊಂದಕ್ಕೆ ಬೇರೊಂದು ಕೀಲಿ. ಎಲ್ಲಕ್ಕಿಂತ ದೊಡ್ಡ ದೂರು ನಿಧಾನದ್ದು. ಕೋಟೆ ಬೆಳೆದಂತೆ ಪ್ರತಿಯೊಬ್ಬ ಕುಬ್ಜನೂ ಪ್ರತಿಯೊಂದು ಬೆಕ್ಕೂ ಎಲ್ಲಿಂದ ಎಲ್ಲಿಗೆ ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಯಂತ್ರ ಲೆಕ್ಕ ಹಾಕುತ್ತಲೇ ಇರಬೇಕು. ಈಗಿನ ಯಂತ್ರಗಳಲ್ಲಿ ಹಲವು ಲೆಕ್ಕಗಳು ಒಟ್ಟಿಗೆ ನಡೆಯಬಲ್ಲವು; ಈ ಆಟದ ಲೆಕ್ಕವಾದರೋ ಬಹುಮಟ್ಟಿಗೆ ಒಂದೇ ಎಳೆಯಲ್ಲಿ ನಡೆಯುತ್ತಿತ್ತು. ಎಂಟು ಮಂದಿ ಗುಮಾಸ್ತರಿರುವ ಕಚೇರಿಯಲ್ಲಿ ಏಳು ಮಂದಿ ಆಕಳಿಸುತ್ತಿರಲು ಒಬ್ಬನೇ ಎಲ್ಲ ಕಡತಗಳನ್ನೂ ಬರೆಯುತ್ತಿರುವಂತೆ! ಬರೆದು ವರ್ಷಗಳಾದ ಮೇಲೆ ಅದನ್ನು ಹಂಚಿಕೊಡುವುದೂ ಸುಲಭವಲ್ಲ. ಒಬ್ಬನ ಹೆಜ್ಜೆ ಇನ್ನೊಬ್ಬನ ಹೆಜ್ಜೆಗೆ ಕಟ್ಟಿಕೊಂಡಿರುತ್ತದೆ. ಹೀಗಾಗಿ ತಿಂಗಳುಗಟ್ಟಲೆ ಕಟ್ಟಿದ ಎಷ್ಟೋ ಕೋಟೆಗಳು ಶತ್ರುವಿನ ಕೈಯಲ್ಲಿ ಬೀಳದೆ ನಿಧಾನದಿಂದಲೇ ಸತ್ತವು. ಆ ಸೋಲಿನಲ್ಲಿ ಸೊಗಸಿರಲಿಲ್ಲ.

ಇಂಥ ಆಟಗಾರನಿಗೆ ದೂರುವ ಹಕ್ಕಿದೆಯೆ? ಕಾನೂನಿನ ಉತ್ತರ ಸುಲಭ. ಬೆಲೆಯಿಲ್ಲದೆ ಕೊಡುವ ಕಂಪ್ಯೂಟರ್ ಬರಹಗಳ ಜೊತೆ ಸಾಮಾನ್ಯವಾಗಿ ಒಂದು ಒಕ್ಕಣೆ ಇರುತ್ತದೆ: ಇದ್ದದ್ದು ಇದ್ದ ಹಾಗೆ ಕೊಟ್ಟಿದೆ, ಯಾವ ಭರವಸೆಯೂ ಇಲ್ಲ. ಅಲ್ಲಿಗೆ ವ್ಯಾಜ್ಯ ಮುಗಿಯಿತು. ಆದರೆ ನ್ಯಾಯಾಲಯದ ಬಾಗಿಲು ಮುಚ್ಚಿದ ಮಾತ್ರಕ್ಕೆ ಧರ್ಮಾಧರ್ಮದ ವಿಚಾರ ಮುಗಿಯುವುದಿಲ್ಲ. ಆಟಗಾರ ಹಣ ಕೊಡದಿರಬಹುದು, ತನ್ನ ಆಯುಸ್ಸಿನ ತಿಂಗಳುಗಳನ್ನು ಕೊಟ್ಟಿದ್ದಾನೆ. ಆ ತಿಂಗಳುಗಳನ್ನು ಯಾರೂ ಕೇಳಿರಲಿಲ್ಲ, ತನ್ನ ಸಂತೋಷಕ್ಕೆ ತಾನೇ ವ್ಯಯಮಾಡಿದ ಎಂದರೆ ಅದೂ ನಿಜ. ಆದ್ದರಿಂದ ಇದು ಸಾಲವಲ್ಲ. ಸಾಲಗಾರನನ್ನು ಕೇಳುವಂತೆ ಅವನು ಕೇಳುವಂತಿಲ್ಲ. ಆದರೆ ಕೇಳುವುದು ಬೇರೆ, ಹೇಳುವುದು ಬೇರೆ. “ನನಗೆ ಇದನ್ನು ಸರಿಮಾಡಿಕೊಡು” ಎಂಬುದು ಕೇಳಿಕೆ. “ಇಲ್ಲಿ ಹೀಗೆ ಕೆಟ್ಟಿದೆ” ಎಂಬುದು ಸುದ್ದಿ. ಮೊದಲನೆಯದಕ್ಕೆ ಹಕ್ಕು ಬೇಕು. ಎರಡನೆಯದಕ್ಕೆ ಕಣ್ಣಿದ್ದರೆ ಸಾಕು. ಅರವಟ್ಟಿಗೆಯ ಕೊಡದಲ್ಲಿ ಕಸ ಬಿದ್ದಿದೆಯೆಂದು ಹೇಳುವವನನ್ನು ಕೃತಘ್ನನೆಂದು ಯಾರು ಕರೆದಾರು? ತನ್ನ ಹಿಂದೆ ಬಾಯಾರಿ ನಿಂತವರಿಗೆ ಅವನು ಉಪಕಾರವನ್ನೇ ಮಾಡುತ್ತಾನೆ.

ಒಂದು ಉದಾಹರಣೆ ಹೇಳಬಹುದು. 2015ರ ಕೊನೆಯಲ್ಲಿ ಈ ಕುಬ್ಜರ ಕೋಟೆಗೆ ಹೆಂಡದಂಗಡಿಗಳನ್ನು ಸೇರಿಸಿದರು. ಕೆಲವೇ ದಿನಗಳಲ್ಲಿ ಆಟಗಾರರಿಂದ ದೂರು ಬಂತು: ಕೋಟೆಯ ಬೆಕ್ಕುಗಳೆಲ್ಲ ವಾಂತಿ ಮಾಡಿಕೊಂಡು ಸಾಯುತ್ತಿವೆ! ಹುಡುಕಿದಾಗ ಕಾರಣ ತಿಳಿಯಿತು. ಕುಡಿದ ಕುಬ್ಜರು ನೆಲದ ಮೇಲೆ ಹೆಂಡ ಚೆಲ್ಲುತ್ತಿದ್ದರು; ಬೆಕ್ಕುಗಳು ಅದರ ಮೇಲೆ ನಡೆಯುತ್ತಿದ್ದವು; ಬೆಕ್ಕಿನ ಜಾತಿಗೆ ತಕ್ಕಂತೆ ಆಮೇಲೆ ಕುಳಿತು ಪಾದಗಳನ್ನು ನೆಕ್ಕಿಕೊಳ್ಳುತ್ತಿದ್ದವು. ಪ್ರತಿ ನೆಕ್ಕಿಗೂ ಒಂದು ಪೂರ್ತಿ ಲೋಟ ಹೆಂಡ ಹೊಟ್ಟೆಗೆ ಹೋದಂತೆ ಲೆಕ್ಕದಲ್ಲಿ ಬಿದ್ದಿತ್ತು. ಚೆಲ್ಲುವ ನಿಯಮ ಸರಿ, ಅಂಟುವ ನಿಯಮ ಸರಿ, ನೆಕ್ಕುವ ನಿಯಮವೂ ಸರಿ. ತಪ್ಪಿದ್ದು ಒಂದು ಅಳತೆ ಮಾತ್ರ. ಒಂದೊಂದು ನಿಯಮವನ್ನೂ ಬಿಡಿಬಿಡಿಯಾಗಿ ಬರೆದವನಿಗೆ ಅವೆಲ್ಲ ಸೇರಿದಾಗ ಏನಾಗುತ್ತದೆಂಬುದು ಕಾಣುವುದು ಕಷ್ಟ. ಸತ್ತ ಬೆಕ್ಕನ್ನು ಕಂಡವನಿಗೆ ಕಂಡಿತು. ದೂರು ಬಾರದಿದ್ದರೆ ತಪ್ಪು ಎಷ್ಟು ದಿನ ಉಳಿಯುತ್ತಿತ್ತೋ! ಮೊಳ ಹಾಕಿದವನು ಇಲ್ಲಿ ನೇಯ್ದವನಿಗೆ ಜೊತೆಗಾರನಾದ.

ಹಾಗಾದರೆ ಗಾದೆ ನಗುವುದು ಯಾರನ್ನು? ಅದರಲ್ಲಿ ಒಂದು ಮಾತನ್ನು ನಾವು ಗಮನಿಸದೆ ಬಿಡುತ್ತೇವೆ, ಅದು ‘ಹಿತ್ತಲು’. ಅವನು ಅಳೆದದ್ದು ತಪ್ಪಲ್ಲ, ಮರೆಯಲ್ಲಿ ಅಳೆದದ್ದು ತಪ್ಪು. ಅಂಗಳದಲ್ಲಿ ನಿಂತು, “ಅಯ್ಯಾ, ಒಂದು ಗೇಣು ಸಾಲದು” ಎಂದು ಎದುರಿಗೇ ಹೇಳಿದ್ದರೆ ಕೊಟ್ಟವನು ಇನ್ನೊಂದನ್ನು ಹುಡುಕುತ್ತಿದ್ದನೋ ಏನೋ. ಕೊನೆಗೆ ಮುಂದಿನ ಬಾರಿಯಾದರೂ ನೋಡಿ ಕೊಡುತ್ತಿದ್ದ. ಹಿತ್ತಲಿನ ಮೊಳದಿಂದ ದಟ್ಟಿ ಒಂದು ಅಂಗುಲವೂ ಬೆಳೆಯಲಿಲ್ಲ. ಕೊಟ್ಟವನನ್ನು ಮನಸ್ಸಿನಲ್ಲಿ ಚಿಕ್ಕವನನ್ನಾಗಿ ಮಾಡುವುದಷ್ಟೇ ಅದರ ಪ್ರಯೋಜನ. ಕೆಡುಕನ್ನು ಬಿಟ್ಟು ಕಟ್ಟಿದವನನ್ನೇ ಹಳಿಯುವ, ಅವನ ಬಿಡುವಿನ ವೇಳೆಗೂ ಲೆಕ್ಕ ಕೇಳುವ ದೂರುಗಳೆಲ್ಲ, ಎಷ್ಟೇ ಗಟ್ಟಿಯಾಗಿ ಕೂಗಿದರೂ, ಹಿತ್ತಲಿನವೇ.

ಇನ್ನು ಕೊಟ್ಟವನ ಮಾತು. “ಬಿಟ್ಟಿ ಕೊಟ್ಟಿದ್ದೇನೆ, ಬೇಕಾದರೆ ಇಟ್ಟುಕೋ, ಬೇಡವಾದರೆ ಬಿಡು” ಎಂದು ಅವನು ಬಾಗಿಲು ಹಾಕಿಕೊಳ್ಳಬಹುದೆ? ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಸಲ್ಲದು. 1987ರಲ್ಲಿ ಹುಟ್ಟಿದ ‘ನೆಟ್‌ಹ್ಯಾಕ್’ ಎಂಬ ಇನ್ನೊಂದು ಉಚಿತ ಆಟವಿದೆ. 2003ರ ಡಿಸೆಂಬರಿನಲ್ಲಿ ಒಂದು ಆವೃತ್ತಿ ಬಂದ ಮೇಲೆ ಮುಂದಿನದು ಹೊರಡಲು 2015ರ ಡಿಸೆಂಬರ್ ಆಯಿತು. ಹನ್ನೆರಡು ವರ್ಷ! ಆದರೂ ಅದರ ಕರ್ತೃಗಳು ಅನ್ಯಾಯ ಮಾಡಿದರೆನ್ನಲಾಗದು. ಆಟದ ಮೂಲಬರಹವನ್ನು ಅವರು ಎಲ್ಲರಿಗೂ ತೆರೆದಿಟ್ಟಿದ್ದರು. ಬೇಸತ್ತವರು ಅದನ್ನೇ ತೆಗೆದುಕೊಂಡು ತಿದ್ದಿ ತಮ್ಮತಮ್ಮ ಆಟಗಳನ್ನು ಮಾಡಿಕೊಂಡರು. ದಟ್ಟಿಯ ಜೊತೆಗೆ ಮಗ್ಗವನ್ನೂ ಕೊಟ್ಟವನು ಸುಮ್ಮನಿದ್ದರೆ ಅದು ದೋಷವಲ್ಲ.

ಆಡಮ್ಸ್ ಸಹೋದರರು ಮಗ್ಗವನ್ನು ತಮ್ಮಲ್ಲೇ ಇಟ್ಟುಕೊಂಡರು. ಅದು ಅವರ ಅನ್ನದ ದಾರಿ, ತಪ್ಪೆನ್ನಲಾರೆವು. ಆಟಗಾರರು ಹೊರಗಿನಿಂದಲೇ ತೇಪೆ ಹಾಕಿದರು. ಕುಬ್ಜರಿಗೆ ಕೆಲಸ ಹಂಚುವ ತಾಪತ್ರಯ ತಪ್ಪಿಸಲು ‘ಡ್ವಾರ್ಫ್ ಥೆರಪಿಸ್ಟ್’ ಎಂಬ ಸಾಧನವನ್ನು ಮಾಡಿಕೊಂಡರು. ಆಟದ ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಮತ್ತೆ ಹೊಂದಿಸಬೇಕಾಗುತ್ತಿತ್ತು. ಬೀಗದಕೈ ಒಬ್ಬನಲ್ಲೇ ಇದ್ದಾಗ ಬಾಗಿಲು ತಟ್ಟಿದ ಸದ್ದಿಗೆ ಓಗೊಡುವ ಹೊಣೆಯೂ ಅವನದೇ. ಎಲ್ಲವನ್ನೂ ಸರಿಪಡಿಸುವ ಹೊಣೆಯಲ್ಲ, ಅದು ಒಬ್ಬ ಮನುಷ್ಯನಿಂದ ಆಗದು, “ಹೌದು, ಒಂದು ಗೇಣು ಸಾಲದು, ಈಗ ಆಗುವುದಿಲ್ಲ” ಎಂದು ನಿಜ ನುಡಿಯುವ ಹೊಣೆ. ರಿಪೇರಿ ಮಾಡುವ ಅಧಿಕಾರವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತೇವೆಯೋ ಅಷ್ಟು ತಾಳ್ಮೆಯಿಂದ ದೂರನ್ನು ಕೇಳಬೇಕು.

ಮುಂದಿನ ಕಥೆ ಹೀಗಿದೆ. ಅಣ್ಣನ ಕಾಯಿಲೆಯಿಂದ ಎದುರಾದ ಚಿಕಿತ್ಸೆಯ ಖರ್ಚು, ಕಾಣಿಕೆಯನ್ನು ನಂಬಿದ ಬದುಕು ಎಷ್ಟು ತೆಳುವೆಂಬುದನ್ನು ಸಹೋದರರಿಗೆ ತೋರಿಸಿತು. 2019ರಲ್ಲಿ ಅವರು ಒಂದು ಸಂಸ್ಥೆಯೊಡನೆ ಕೂಡಿ ಆಟವನ್ನು ಬೆಲೆಗೆ ತರುವುದಾಗಿ ಸಾರಿದರು. 2022ರ ಡಿಸೆಂಬರ್ 6ರಂದು ಚಿತ್ರಗಳೂ ಹಸನಾದ ಅಪ್ಪಣೆಗಳೂ ಇರುವ ಆವೃತ್ತಿ ಬಂತು; ಆ ತಿಂಗಳಲ್ಲೇ ಲಕ್ಷಗಟ್ಟಲೆ ಪ್ರತಿಗಳು ಹೋದವು. ಬೆಲೆ ಕಟ್ಟಿದ ಮೇಲೆಯೇ ದೂರಿಗೆ ಕಿವಿ ಬಂತು ಎಂದು ಕೆಲವರು ಹೇಳಿಯಾರು. ಪೂರ್ತಿ ನಿಜವಲ್ಲ. ಆ ಚಿತ್ರಗಳನ್ನು ಬರೆದವರಲ್ಲಿ, ಹಿಂದೆ ಚಿತ್ರಗಳಿಲ್ಲವೆಂದು ಕೊರಗಿ ಸುಮ್ಮನಾಗದೆ ತಾವೇ ಬರೆದು ಹಂಚಿದ ಆಟಗಾರರಿದ್ದರು. ಆಟವನ್ನು ಹೊರಗಿನಿಂದ ತಿದ್ದುತ್ತಿದ್ದ ಇನ್ನೊಬ್ಬರು ಒಳಗೆ ಕೆಲಸಕ್ಕೆ ಸೇರಿದರು. ಚಿತ್ರಗಳಿಲ್ಲದ ಹಳೆಯ ರೂಪವನ್ನು ಬಿಟ್ಟಿಯಾಗಿ ಕೊಡುವುದನ್ನೂ ಸಹೋದರರು ನಿಲ್ಲಿಸಲಿಲ್ಲ. ಹಣ ಒದಗಿಸಿದ್ದು ಅವಕಾಶವನ್ನು. ಏನು ಸರಿಯಾಗಬೇಕೆಂಬ ತಿಳಿವಳಿಕೆ ಬಂದದ್ದು ಹದಿನಾರು ವರ್ಷಗಳ ದೂರುಗಳಿಂದ.

ಪಡೆದವನು ಬಾಯಿ ಮುಚ್ಚಿಕೊಂಡಿರಬೇಕೆಂದರೆ ದಾನ ಹಾಗೆಯೇ ಕುಂದಿನೊಡನೆ ಉಳಿಯುತ್ತದೆ. ಬಾಯಿಗೆ ಬಂದಂತೆ ಆಡಬಹುದೆಂದರೆ ಕೊಡುವ ಕೈಯೇ ಹಿಂದೆ ಸರಿಯುತ್ತದೆ. ಇವೆರಡರ ನಡುವಿನ ದಾರಿ ಕಷ್ಟದ್ದೇನಲ್ಲ. ಉಟ್ಟು ನೋಡಿ, ಅಳೆದು, ಕೊಟ್ಟವನ ಮುಖ ನೋಡಿ ಹೇಳಬೇಕು. ಕೈಲಾದರೆ ಸೂಜಿದಾರವನ್ನೂ ಜೊತೆಗೆ ಒಯ್ಯಬೇಕು.