ಲಕ್ವ ಹೊಡೆದವರಿಗೆ ತೀರ್ಥ ಕೊಡಬಹುದೇ?

ಪ್ರಶ್ನೆ: ತಂದೆಯವರಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ನಿಂತಿವೆ. ಬೆಳಗಾವಿ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ. ಮೃತ್ಯುಂಜಯ ಹೋಮಕ್ಕೆ ಅವರು ಕೂರಲಾರರು. ಏನು ಮಾಡಬೇಕು?
– ಓದುಗರು, ರಾಮನಗರ, ಜೋಯಿಡಾ ತಾಲ್ಲೂಕು

ಉತ್ತರ: ಅವರೇ ಕೂರಬೇಕೆಂದಿಲ್ಲ. ತಂದೆಯ ಗೋತ್ರ, ನಕ್ಷತ್ರ, ಹೆಸರು ಹೇಳಿ ಮಗನೇ ಸಂಕಲ್ಪ ಮಾಡಬಹುದು. ಹೊಗೆ ರೋಗಿಯ ಕೋಣೆಗೆ ಬೇಡ, ದೇವಸ್ಥಾನದಲ್ಲೇ ಮಾಡಿಸಿ. ಸಾಲ ಮಾಡಿ ಹೋಮ ಬೇಡವೇ ಬೇಡ. ನಿತ್ಯ 108 ಜಪ ಸಾಕು.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ. ಭಕ್ತಿಯೆಂದು ಬಾಯಿಗೆ ತೀರ್ಥ ಹಾಕಬೇಡಿ. ಲಕ್ವದಲ್ಲಿ ಎಷ್ಟೋ ಜನರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆದೀತು. ವೈದ್ಯರು ಒಪ್ಪುವವರೆಗೆ ತಲೆಗೆ ಪ್ರೋಕ್ಷಿಸಿ, ಕಣ್ಣಿಗೊತ್ತಿ, ಅಷ್ಟೇ. ಪ್ರಸಾದಕ್ಕೂ ಇದೇ ಮಾತು. ಗ್ರಹಚಾರ ಕೇಳಿದ್ದೀರಿ, ಔಷಧಿ, ಫಿಸಿಯೋಥೆರಪಿಗೆ ನಾನು ಮುಹೂರ್ತ ನೋಡುವುದಿಲ್ಲ, ಇವತ್ತೇ ಶುರುಮಾಡಿ. ಮಾತು ನಿಂತರೂ ಕಿವಿ ಕೇಳ್ತದೆ. ಅವರೆದುರು ‘ಇನ್ನೆಷ್ಟು ದಿನವೋ’ ಅನ್ನಬೇಡಿ. ಹಾಸಿಗೆ ಪಕ್ಕ ಕೂತು ಜಪ ಮಾಡಿ.