ಕೊನೆ ಗೊತ್ತಿದ್ದೂ ಓದುವುದೇಕೆ?

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಕೈಗೆತ್ತಿಕೊಳ್ಳುವವರಲ್ಲಿ ಬಹಳ ಮಂದಿಗೆ ಕತೆಯ ಕೊನೆ ಗೊತ್ತೇ ಇರುತ್ತದೆ. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾಯಿತು, ಗದ್ದುಗೆ ಕಳೆದುಕೊಂಡ ರಾಜ ಕಾಶಿ ಸೇರಿದ, 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ತ.ರಾ.ಸು. ಅವರ ‘ದುರ್ಗಾಸ್ತಮಾನ’ವಂತೂ ಹೆಸರಿನಲ್ಲೇ ಎಲ್ಲವನ್ನೂ ಹೇಳಿಬಿಡುತ್ತದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಲೇಬೇಕು. ಆದರೂ ಇವೆರಡನ್ನೂ ನಾನು ಮತ್ತೆ ಮತ್ತೆ ಓದುತ್ತೇನೆ, ಓದಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ.

ಗತವೈಭವದ ಹಂಬಲವೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ದುರ್ಗದ ಕೋಟೆಯ ಮಟ್ಟಿಗೆ ಆ ಮಾತನ್ನು ಒಂದಿಷ್ಟು ಒಪ್ಪಬಹುದು. ಆದರೆ ಚಿಕವೀರನ ಅರಮನೆಯಲ್ಲಿ ಹೆಮ್ಮೆಪಡುವಂಥದ್ದೇನಿದೆ? ಕುಡಿತ, ಹೆಣ್ಣಿನ ಚಟ, ಒಡಹುಟ್ಟಿದವಳ ಮೇಲೂ ಕ್ರೌರ್ಯ. ಇದಕ್ಕೆಲ್ಲ ಒತ್ತಾಸೆಯಾಗಿ ರಾಜನ ಆಪ್ತ ಕುಂಟ ಬಸವ. ಇಂಥ ದೊರೆಯ ಪತನಕ್ಕೆ ಮನಸ್ಸು ಮರುಗಬೇಕಾದರೆ ಬೇರೆ ಏನೋ ನಡೆದಿರಬೇಕು.

ನಡೆದುಹೋದದ್ದೆಲ್ಲ ನಡೆಯಲೇಬೇಕಿತ್ತು ಎಂಬ ಭಾವನೆಯನ್ನು ಚರಿತ್ರೆಯ ಪಾಠ ನಮ್ಮಲ್ಲಿ ಬಿತ್ತುತ್ತದೆ. ಕೊಡಗು ಕಂಪನಿಗೆ ಸೇರಿತು ಎಂಬ ಒಂದು ಸಾಲಿನಲ್ಲಿ ಮಂತ್ರಿ ಬೋಪಣ್ಣನಿಗೆ ಜಾಗವೆಲ್ಲಿ? ಕಾದಂಬರಿಯಲ್ಲಿ ಅವನ ಪಕ್ಕದಲ್ಲೇ ಕೂತಿರುತ್ತೇವೆ. ರಾಜ ಇಳಿಯಬೇಕು, ನಾಡು ಉಳಿಯಬೇಕು. ಮೊದಲನೆಯದಕ್ಕೆ ಇಂಗ್ಲಿಷರ ನೆರವು ಬೇಕು, ಎರಡನೆಯದಕ್ಕೆ ಅವರೇ ಅಪಾಯ. ಮುಂದೇನಾಗುತ್ತದೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಈ ಅಂತರದಿಂದಲೇ ಓದಿಗೆ ಬಿಗಿ ಬರುತ್ತದೆ. ಅವನನ್ನು ದ್ರೋಹಿಯೆಂದು ಕರೆಯುವ ಆತುರ ಪುಟದಿಂದ ಪುಟಕ್ಕೆ ಕರಗುತ್ತದೆ. ತೀರ್ಪು ಕೊಡಲು ಅವಸರಪಡದ ಆ ಸ್ಥಿತಿಯನ್ನೇ ನಾನು ಓದಿನ ಸುಖ ಎನ್ನುತ್ತೇನೆ. ಕಾದಂಬರಿಯ ಕೊನೆ ಏನೆಂಬ ಕುತೂಹಲ ಒಂದೇ ಓದಿಗೆ ತೀರುತ್ತದೆ, ಇದು ತೀರುವುದಿಲ್ಲ.

ಇತಿಹಾಸಕಾರರ ಆಕ್ಷೇಪ ಹಗುರವಾದದ್ದಲ್ಲ: ಬೋಪಣ್ಣನ ಮನಸ್ಸಿನಲ್ಲಿ ಏನಿತ್ತೆಂದು ಮಾಸ್ತಿಯವರಿಗೆ ಹೇಗೆ ಗೊತ್ತು? ಗೊತ್ತಿಲ್ಲ, ಅದು ಊಹೆ. ಆದರೆ ಅಧಿಕಾರಿಗಳ ಪತ್ರ, ವರದಿಗಳು ಉಳಿಯುತ್ತವೆ. ರಾಣಿ ಗೌರಮ್ಮ ರಾತ್ರಿ ನಿದ್ದೆಗೆಟ್ಟು ಯೋಚಿಸಿದ್ದನ್ನು ಯಾರು ಬರೆದಿಟ್ಟರು? ಬರೀ ದಾಖಲೆಗಳನ್ನು ನೆಚ್ಚಿದರೆ ಬರೆಯುವ ಅಧಿಕಾರವಿದ್ದವರ ನೆನಪಷ್ಟೇ ನಮ್ಮದಾಗುತ್ತದೆ. ಊಹೆಗೂ ಕಟ್ಟುಪಾಡಿದೆ, ನಿಜ. ಒಳ್ಳೆಯ ಕಾದಂಬರಿಕಾರ ಕೊನೆಯನ್ನು ತಿದ್ದುವುದಿಲ್ಲ. ದುರ್ಗದ ದೊರೆ ಮದಕರಿ ನಾಯಕನ ಮೇಲೆ ತ.ರಾ.ಸು. ಅವರಿಗೆ ಎಷ್ಟೇ ಪ್ರೀತಿಯಿದ್ದರೂ ದುರ್ಗವನ್ನು ಉಳಿಸಿಕೊಡಲಿಲ್ಲ. ಆ ನಿಷ್ಠೆಯಿಂದಾಗಿ ಅವರ ಉಳಿದ ಕಲ್ಪನೆಯನ್ನೂ ನಂಬುತ್ತೇನೆ. ಒಬ್ಬನನ್ನು ದೇವರಾಗಿಸಿ ಇನ್ನೊಬ್ಬನನ್ನು ರಾಕ್ಷಸನಾಗಿಸುವ ಐತಿಹಾಸಿಕ ಕಾದಂಬರಿಗಳನ್ನು ಎರಡನೆಯ ಸಲ ಓದಲು ನನ್ನಿಂದಾಗಿಲ್ಲ.

ಚಿಕ್ಕ ವಯಸ್ಸಿನಲ್ಲಿ ‘ಚಿಕವೀರ ರಾಜೇಂದ್ರ’ ಓದಿದಾಗ ನಾನು ಪೂರ್ತಿ ಬೋಪಣ್ಣನ ಪಕ್ಷ. ಅಷ್ಟು ಕೆಟ್ಟ ದೊರೆಯನ್ನು ಸಹಿಸಿಕೊಂಡ ರಾಣಿ ದುರ್ಬಲಳಾಗಿ ಕಂಡಿದ್ದಳು. ಈಗ ಗಂಡನ ತಪ್ಪುಗಳನ್ನೆಲ್ಲ ಅರಿತೂ ಅರಮನೆಯ ಮಾನವನ್ನು ಒಂಟಿಯಾಗಿ ಹೊತ್ತ ಅವಳೇ ಕಾದಂಬರಿಯ ಅತ್ಯಂತ ಗಟ್ಟಿ ಜೀವ ಅನ್ನಿಸುತ್ತಾಳೆ, ಬೋಪಣ್ಣನ ಲೆಕ್ಕಾಚಾರದಲ್ಲಿ ಅವಳಿಗೆ ಸಿಗಬೇಕಾದ ನ್ಯಾಯ ಸಿಕ್ಕಿತೇ ಎಂದು ಕೇಳಿಕೊಳ್ಳುತ್ತೇನೆ.